ಅತ್ತೆ ನೋಡಿದ ಸಿನಿಮಾ

ಸಿನಿಮಾ ನೋಡುವುದು ನನಗೆ ಹಳೆಯ ಚಟ. ಸಾಗರದ ಬಳಿಯ ಹೆಗ್ಗೋಡಿನಲ್ಲಿ 1973ರಲ್ಲಿ ಹುಟ್ಟಿದ ನೀನಾಸಂ ಚಿತ್ರಸಮಾಜದವರು ತೋರಿಸುತ್ತಿದ್ದ ಪರದೇಶದ ಚಿತ್ರಗಳನ್ನು, ಭಾಷೆ ತಿಳಿಯದಿದ್ದರೂ, ಬಾಯಿ ಬಿಟ್ಟುಕೊಂಡು ನೋಡಿದವರಲ್ಲಿ ನಾನೂ ಒಬ್ಬ. ಮೊನ್ನೆ ಮಳೆ ಹಿಡಿದು ಕೂತ ಎರಡು ಸಂಜೆ, ಹೊಸನಗರದ ಅತ್ತೆಯ ಮನೆಯಲ್ಲಿ, ಗಿರೀಶ ಕಾಸರವಳ್ಳಿಯವರ ಎರಡು ಚಿತ್ರಗಳನ್ನು ಹಾಕಿ ಕೂತೆ.

ಮೊದಲನೆಯದು 1977ರ ‘ಘಟಶ್ರಾದ್ಧ’. 2024ರಲ್ಲಿ ವೆನಿಸ್ಸಿನ ಉತ್ಸವದಲ್ಲಿ ಇದರ ಹೊಸದಾಗಿ ಶುದ್ಧಿಮಾಡಿದ ಪ್ರತಿಯನ್ನು ತೋರಿಸಿದರು; ನನ್ನಲ್ಲಿದ್ದದ್ದು ಹಳೆಯ ಮಸುಕು ಪ್ರತಿ. ತಲೆ ಬೋಳಾದ ಯಮುನೆ ಮರದಡಿ ಕೂತದ್ದನ್ನು ಕಂಡು ಅತ್ತೆ, “ಸಾಕು ಮಾರಾಯ” ಎಂದು ಎದ್ದುಹೋದರು. ಅಂಥವರನ್ನು ಕಣ್ಣಾರೆ ಕಂಡವರು, ನಾನು ವಾದಿಸಲಿಲ್ಲ.

ಮರುದಿನ 2002ರ ‘ದ್ವೀಪ’. ತೀರ್ಥಹಳ್ಳಿ ಸೀಮೆ ಅನಂತಮೂರ್ತಿಯವರನ್ನೂ ಕಾಸರವಳ್ಳಿಯವರನ್ನೂ ಕೊಟ್ಟಿತು, ಸಾಗರ ಈ ಕಾದಂಬರಿ ಬರೆದ ನಾ. ಡಿಸೋಜರನ್ನು ಕೊಟ್ಟಿತು, ನಮ್ಮ ಹೊಸನಗರ ಕೊಟ್ಟದ್ದು ಮುಳುಗಲು ನೆಲವನ್ನು. 1964ರ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಲ್ಲಿ ಅತ್ತೆಯ ಮನೆಯೂ ಹೋಯಿತು. ಎಚ್.ಎಂ. ರಾಮಚಂದ್ರರ ಕ್ಯಾಮೆರಾ ಹಿಡಿದ ಮಳೆ ನಮ್ಮ ಮಳೆಯೇ. ತೋಯ್ದ ಚಾಪೆಯ ವಾಸನೆ ಬಂದಂತಾಯಿತು. ಅತ್ತೆ ಅಳುತ್ತಾರೆಂದು ಹೆದರಿದ್ದೆ, ಅಳಲಿಲ್ಲ.

ನೀರಿನ ನಡುವೆ ಮನೆಯನ್ನು ಉಳಿಸಿಕೊಳ್ಳಲು ಹೆಣಗುವವಳು ನಾಗಿ. ಆ ಶ್ರೇಯಸ್ಸನ್ನು ಗಂಡ ಅವಳಿಗೆ ಕೊಡುವುದಿಲ್ಲ. ಅಲ್ಲಿ ಅತ್ತೆ ನಕ್ಕುಬಿಟ್ಟರು.

“ಹಂಚು ಇಳಿಸಿದ್ದು ನಾನು, ಮಾಣಿ. ನಿನ್ನ ಮಾವ ಪರಿಹಾರದ ಹಣಕ್ಕೆ ಕಚೇರಿ ಸುತ್ತುತ್ತಿದ್ದರು. ಹೊಟ್ಟೆಯಲ್ಲಿ ನಿನ್ನ ಭಾವ ಇದ್ದ.”

ನಾನು ತಲೆ ತಗ್ಗಿಸಿದೆ. ಮಾವ ಒಬ್ಬರೇ ಮನೆ ಕಳಚಿ, ಹಂಚು ಇಳಿಸಿ, ಗಾಡಿಗೆ ಹೇರಿ ತಂದರೆಂಬುದು ನಮ್ಮ ನೆಂಟರಿಷ್ಟರಲ್ಲಿ ಪ್ರಸಿದ್ಧವಾದ ಕಥೆ. ಅವರ ವೈಕುಂಠ ಸಮಾರಾಧನೆಯ ದಿನ ಎದ್ದು ನಿಂತು ಅದನ್ನು ಬಣ್ಣಿಸಿದವನು ನಾನೇ.

“ಅವತ್ತೇ ಹೇಳಬಹುದಿತ್ತಲ್ಲ ಅತ್ತೆ?”

“ಚೆನ್ನಾಗಿ ಮಾತಾಡುತ್ತಿದ್ದೆ. ಎಲೆ ಹಾಕಿ ಜನ ಬೇರೆ ಕಾಯುತ್ತಿದ್ದರು.”

ಸ್ವಲ್ಪ ಹೊತ್ತಿನ ಮೇಲೆ, “ಆ ಹುಡುಗಿ ಚೆನ್ನಾಗಿ ಮಾಡಿದ್ದಾಳೆ. ಈಗ ಎಲ್ಲಿದ್ದಾಳೆ?” ಎಂದು ಕೇಳಿದರು. ಸೌಂದರ್ಯ ಈ ಚಿತ್ರದ ನಿರ್ಮಾಪಕಿಯೂ ಹೌದೆಂದೂ, 2004ರಲ್ಲಿ ಬೆಂಗಳೂರಿನ ಬಳಿ ವಿಮಾನ ಬಿದ್ದು ತೀರಿಕೊಂಡರೆಂದೂ ಹೇಳಬೇಕಾಯಿತು.

ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕನ್ನಡಕ ಒರೆಸಿಕೊಂಡು, “ಮೊದಲಿಂದ ಇನ್ನೊಂದು ಸಲ ಹಾಕು” ಎಂದರು.