ಬೈಟ್ ಬೈಟಿಗೂ ಲೆಕ್ಕ

1989ರಲ್ಲಿ ಬಂದ ಗೇಮ್ ಬಾಯ್‌ಗೆ ಗೇಮ್ ಬರೆಯುವುದು ನನ್ನ ಅಚ್ಚುಮೆಚ್ಚಿನ ಹವ್ಯಾಸ. ಕೆಲಸಕ್ಕೆ 8 ಕಿಲೋಬೈಟ್ ಮೆಮೊರಿ, ಚಿತ್ರಗಳಿಗೆ ಇನ್ನೊಂದು 8, ನಾಲ್ಕೇ ಛಾಯೆಗಳ 160×144 ಪರದೆ. ಇಡೀ ಯಂತ್ರ ಒಬ್ಬರ ತಲೆಯೊಳಗೆ ಹಿಡಿಸುತ್ತದೆ. ಈ ಸುಖ ಇಂದಿನ ದೈತ್ಯ ಕನ್ಸೋಲ್‌ಗಳಲ್ಲಿ ಸಿಗದು.

ಸಲಕರಣೆಯೂ ಹೆಚ್ಚು ಬೇಡ. ಆಸಕ್ತರೇ ಬೆಳೆಸಿರುವ ಆರ್‌ಜಿಬಿಡಿಎಸ್ ಎಂಬ ಉಚಿತ ಕಟ್ಟಿನಲ್ಲಿ ನಾಲ್ಕು ಪುಟ್ಟ ಪ್ರೋಗ್ರಾಂಗಳಿವೆ. ಒಂದು ಚಿತ್ರಗಳನ್ನು ಟೈಲ್‌ಗಳಾಗಿ ಕತ್ತರಿಸುತ್ತದೆ, ಒಂದು ಅಸೆಂಬ್ಲಿಯನ್ನು ಯಂತ್ರಭಾಷೆಗೆ ಇಳಿಸುತ್ತದೆ, ಇನ್ನೊಂದು, ಅಂದರೆ ಲಿಂಕರ್, ತುಣುಕುಗಳಿಗೆ ವಿಳಾಸ ಕೊಟ್ಟು ಕೂರಿಸುತ್ತದೆ. ಕೊನೆಯದು ಕಾರ್ಟ್ರಿಜ್‌ನ ಹೆಡರ್ ತುಂಬುತ್ತದೆ. ಅಲ್ಲಿನ 48 ಬೈಟ್‌ಗಳ ಲಾಂಛನ ಗೇಮ್ ಬಾಯ್ ಒಳಗಿನ ಪ್ರತಿಗೆ ತಾಳೆಯಾಗದಿದ್ದರೆ ಯಂತ್ರ ಒಂದು ಹೆಜ್ಜೆಯೂ ಮುಂದಿಡದು.

ಒಂದು ಟೈಲ್ ಎಂದರೆ ಚುಕ್ಕಿ ರಂಗೋಲಿಯ ಹಾಗೆ 8 ಚುಕ್ಕಿ, 8 ಸಾಲು. ಚುಕ್ಕಿಗೆ 2 ಬಿಟ್, ಒಟ್ಟು 16 ಬೈಟ್. ನನಗೆ ಅತಿ ಇಷ್ಟವಾದ ಲೆಕ್ಕ ಶುರುವಾಗುವುದು ಇಲ್ಲಿಂದಲೇ. ಪರದೆ ಸಾಲು ಬಿಡಿಸುತ್ತಿರುವಾಗ ಚಿತ್ರದ ಮೆಮೊರಿಗೆ ಏನು ಬರೆದರೂ ನಿಲ್ಲುವುದಿಲ್ಲ. 144 ಸಾಲು ಮುಗಿದ ಮೇಲೆ ಹತ್ತು ಸಾಲಿನಷ್ಟು ಬಿಡುವು ಸಿಗುತ್ತದೆ. ಅದೇ ವಿ-ಬ್ಲಾಂಕ್: ಸೆಕೆಂಡಿಗೆ ಸುಮಾರು 60 ಸಲ ಬರುತ್ತದೆ, ಪ್ರತಿ ಸಲ ಪ್ರೊಸೆಸರ್‌ನ 1,140 ಚಕ್ರಗಳು. ಬೈಟಿಗೆ 9 ಚಕ್ರ ಬೇಡುವ ಲೂಪ್‌ನಲ್ಲಿ ಒಂದು ಬಿಡುವಿಗೆ 7 ಟೈಲ್ ಸಾಗಿಸಬಹುದು. ಲೂಪ್ ಬಿಚ್ಚಿ, ಅದೇ ಕೋಡ್ ಸಾಲುಗಳನ್ನು ಬೆನ್ನಿಗೆ ಬೆನ್ನಿಗೆ ಬರೆದರೆ ಬೈಟಿಗೆ 5 ಚಕ್ರ ಸಾಕು. ಸಾಗಣೆ ಇಮ್ಮಡಿಯ ಹತ್ತಿರಕ್ಕೆ ಬರುತ್ತದೆ. ಹಾಗೆ ಬರೆಯುವ ಬೇಸರ ನನಗಿಲ್ಲ. ‘ರೆಪ್ಟ್ 16’ ಎಂದರೆ ಅಸೆಂಬ್ಲರ್ ತಾನೇ ಹದಿನಾರು ಸಲ ಬರೆದುಕೊಳ್ಳುತ್ತದೆ. ಕಾರ್ಟ್ರಿಜ್‌ನ ಒಂದಷ್ಟು ಜಾಗ ಕೊಟ್ಟು ಸಮಯ ಕೊಂಡಂತಾಯಿತು. ಇಂಥ ವ್ಯಾಪಾರ ಕುದುರಿದ ದಿನ ಮನಸ್ಸು ಉಲ್ಲಾಸದಿಂದಿರುತ್ತದೆ.

ಆಮೇಲೆ ಬರೆದದ್ದನ್ನು ಪರೀಕ್ಷಿಸಲು, ಗೇಮ್ ಬಾಯ್ ಅನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಸೇಮ್‌ಬಾಯ್ ಎಮ್ಯುಲೇಟರ್. ಬ್ರೇಕ್‌ಪಾಯಿಂಟ್ ಇಟ್ಟರೆ ಯಂತ್ರ ಹೇಳಿದ ಜಾಗದಲ್ಲಿ ನಿಲ್ಲುತ್ತದೆ. ರಿಜಿಸ್ಟರ್‌ಗಳು, ಟೈಲ್‌ಗಳು, ಸ್ಪ್ರೈಟ್‌ಗಳು ಎಲ್ಲ ಕಣ್ಣೆದುರಿಗೆ. ಲಿಂಕರ್ ಬರೆದುಕೊಟ್ಟ ಸಿಂಬಲ್ ಫೈಲ್ ಜತೆಗಿದ್ದರೆ ಬರಿಯ ವಿಳಾಸಗಳ ಬದಲು ನಾನಿಟ್ಟ ಹೆಸರುಗಳೇ ಕಾಣುತ್ತವೆ.

ಒಳ್ಳೆಯ ಸಲಕರಣೆ ಕೆಲಸವನ್ನು ಹಗುರ ಮಾಡಬೇಕು, ಆದರೆ ಯಂತ್ರವನ್ನು ಮರೆಮಾಚಬಾರದು. ಆರ್‌ಜಿಬಿಡಿಎಸ್ ಎರಡನ್ನೂ ಪಾಲಿಸುತ್ತದೆ. ಕಂಪ್ಯೂಟರ್ ಒಳಗೆ ನಿಜಕ್ಕೂ ಏನು ನಡೆಯುತ್ತದೆ ಎಂದು ಕೇಳುವ ಎಳೆಯರಿಗೆ ನಾನು ಕೊಡುವ ಉತ್ತರವೂ ಇದೇ: ಗೇಮ್ ಬಾಯ್ ಪರದೆಯ ಮೇಲೆ ಒಂದು ಟೈಲ್ ಮೂಡಿಸಿ ನೋಡಿ.