ಬೇತಮಂಗಲದ ಕೆರೆಯ ಏರಿಯ ಮೇಲೆ

ಕೋಲಾರ ಚಿನ್ನದ ಗಣಿಯ ಸೀಮೆ ಎಂದೊಡನೆ ವಾಚಕರ ಕಣ್ಣಮುಂದೆ ನಿಲ್ಲುವುವು ಬೂದುಬಣ್ಣದ ಸೈನೈಡ್ ಗುಡ್ಡಗಳು, ತುಕ್ಕು ಹಿಡಿದ ಶಾಫ್ಟುಗಳು, ಹಾಳುಬಿದ್ದ ಬಂಗಲೆಗಳು. ನೀರಿನ ನೆನಪು ಯಾರಿಗೂ ಬಾರದು. ಆದರೆ ಆ ಗಣಿಯೂರಿನಿಂದ ಎರಡು ಹರದಾರಿಯಷ್ಟು, ಎಂದರೆ ಸುಮಾರು 10 ಕಿಲೋಮೀಟರು ದೂರದಲ್ಲಿ, ಪಾಲಾರ್ ನದಿಗೆ ಅಡ್ಡಲಾಗಿ ಕಟ್ಟಿದ ದೊಡ್ಡದೊಂದು ಕೆರೆಯುಂಟು. ಅದರ ಮಗ್ಗುಲ ಊರೇ ಬೇತಮಂಗಲ. ಬಂಗಾರಪೇಟೆ, ಕ್ಯಾಸಂಬಳ್ಳಿಗಳ ಕಡೆಯ ಸಂಸಾರಸ್ಥರು ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ ಸೇರಲು ಇದಕ್ಕಿಂತ ಹಿತವಾದ ತಾಣವನ್ನು ನಾವು ಕಾಣೆವು.

ಊರಿನ ಪೂರ್ವದ ಹೆಸರು ವಿಜಯಾದಿತ್ಯಮಂಗಲ. ಬಾಣವಂಶದಲ್ಲಿ ವಿಜಯಾದಿತ್ಯನೆಂಬ ಹೆಸರಿನ ಅರಸರಿದ್ದರು. ಅವರಲ್ಲೊಬ್ಬನಿಂದ ಊರಿಗೆ ಹೆಸರು ಬಂದಿರಬೇಕು. ‘ಮಂಗಲ’ವೆಂದು ಮುಗಿಯುವ ಊರುಗಳು ಸಾಮಾನ್ಯವಾಗಿ ಹಿಂದಿನ ಅಗ್ರಹಾರಗಳು. ಪಾಲಾರ್ ಎಂಬುದಕ್ಕೆ ಸಂಸ್ಕೃತದಲ್ಲಿ ಕ್ಷೀರನದಿಯೆಂದು ಹೆಸರು. ವರ್ಷದ ಬಹುಭಾಗ ಬರಿಯ ಮರಳಾಗಿ ಮಲಗಿರುವ ನದಿಗೆ ಹಾಲಿನ ಹೆಸರಿಟ್ಟವರ ಔದಾರ್ಯವನ್ನು ಮೆಚ್ಚಲೇಬೇಕು! ಈ ಕೆರೆ 10ನೆಯ ಶತಮಾನದಲ್ಲಿ ಒಡೆದು ನೊಳಂಬರ ಕಾಲದಲ್ಲಿ ಜೀರ್ಣೋದ್ಧಾರವಾಯಿತು. 12ನೆಯ ಶತಮಾನದಲ್ಲಿ ಮತ್ತೆ ಒಡೆಯಲು, ಹೊಯ್ಸಳರ ಕಾಲದಲ್ಲಿ ಮತ್ತೆ ಕಟ್ಟಿಸಲ್ಪಟ್ಟಿತು. ರಾಜ್ಯಗಳು ಬದಲಾದರೂ ಏರಿಯ ಮೇಲಿನ ಅಕ್ಕರೆ ಬದಲಾಗಲಿಲ್ಲವೆಂಬುದನ್ನು ಗಮನಿಸತಕ್ಕದ್ದು.

ಬೇತಮಂಗಲವು ಒಂದು ಕಾಲಕ್ಕೆ ತಾಲ್ಲೂಕಿನ ಮುಖ್ಯಸ್ಥಳವಾಗಿದ್ದಿತು. ರೈಲುಮಾರ್ಗವು ಬಂಗಾರಪೇಟೆಯ ಮೇಲೆ ಹಾದುಹೋದ ಬಳಿಕ ವ್ಯಾಪಾರವೂ ಕಛೇರಿಯೂ ಅತ್ತ ಸರಿದುವು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಗಣಿಗೆ ಕೈಹಾಕಿದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಚಿನ್ನವಿದ್ದಲ್ಲಿ ನೀರಿರಲಿಲ್ಲ. ಜನ ಸಾವಿರಗಟ್ಟಲೆ ಸೇರಿದ ಗಣಿಯೂರಿಗೆ ಈ ಕೆರೆಯ ನೀರನ್ನೇ ಶೋಧಿಸಿ, ಯಂತ್ರದಿಂದ ಎತ್ತಿ, ಕೊಳವೆಗಳ ಮೂಲಕ ಕಳುಹಿಸುವ ಏರ್ಪಾಡಾಯಿತು. ತನ್ನ ಪದವಿಯನ್ನು ಕಸಿದುಕೊಂಡ ಸೀಮೆಗೆ ಈ ಊರೇ ನೀರೆರೆಯಬೇಕಾಯಿತು.

ಗಣಿಯ ಅಧಿಕಾರಿಗಳಿಗೆ ಅಲ್ಲಿಯೇ ಕ್ಲಬ್ಬೂ ಗಾಲ್ಫ್ ಮೈದಾನವೂ ಇದ್ದುವು. ಆದರೂ ರಜಾದಿನಗಳಲ್ಲಿ ಗಣಿಯೂರಿನ ಕುಟುಂಬಗಳು ಊಟದ ಬುಟ್ಟಿಗಳೊಡನೆ ಈ ನೀರಿನ ಬದಿಗೇ ಬರುತ್ತಿದ್ದುವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆರೆಗೆ ಬರುವವರು ಮಾತ್ರ ನಿಲ್ಲಲಿಲ್ಲ.

ಹೋಗುವವರು ಕಾರ್ತಿಕ ಕಳೆದ ಮೇಲೆ, ಬೆಳಗಿನ ತಂಪಿನಲ್ಲಿಯೇ ಹೊರಡುವುದು ಲೇಸು. ಮೊದಲು ವಿಜಯೇಂದ್ರಸ್ವಾಮಿಯ ಪುರಾತನ ದೇವಾಲಯವನ್ನು ನೋಡಿ, ಅನಂತರ ಏರಿಯ ಮೇಲೆ ಮೆಲ್ಲನೆ ನಡೆಯಬೇಕು. ಒಂದು ಕಡೆ ನೀರು, ಇನ್ನೊಂದು ಕಡೆ ಹಸುರು. ಬೆಳ್ಳಕ್ಕಿಗಳೂ ನೀರುಕಾಗೆಗಳೂ ಮಕ್ಕಳ ಗದ್ದಲಕ್ಕೆ ಬೆದರುವುದಿಲ್ಲ. ವೃದ್ಧರು ನೆರಳಿನಲ್ಲಿ ಕುಳಿತರೆ ಹುಡುಗರು ಆಟವಾಡಬಹುದು. ನೀರಿಗೆ ಇಳಿಯಲು ಬಿಡಬಾರದು. ಹೊತ್ತು ಉಳಿದವರು ಸಮೀಪದ ಗುಟ್ಟಹಳ್ಳಿಯ ಬಂಗಾರು ತಿರುಪತಿಯನ್ನೂ, 108 ಅಡಿ ಎತ್ತರದ ಲಿಂಗವಿರುವ ಕಮ್ಮಸಂದ್ರದ ಕೋಟಿಲಿಂಗವನ್ನೂ ನೋಡುವರು. ಅಲ್ಲಿಯ ಜನಸಂದಣಿಯಿಂದ ಮರಳಿದವರಿಗೆ ಕೆರೆಯ ಗಾಳಿಯ ಬೆಲೆ ತಿಳಿಯುವುದು.

ಇಲ್ಲಿ ಒಂದು ಮಾತು ಹೇಳದೆ ವಿಧಿಯಿಲ್ಲ. ವಿಹಾರಕ್ಕೆ ಬಂದವರು ಎಂಜಲೆಲೆಯನ್ನೂ ಪ್ಲಾಸ್ಟಿಕ್ ಚೀಲವನ್ನೂ ದಂಡೆಯಲ್ಲಿಯೇ ಬಿಟ್ಟು ಹೋಗುತ್ತಾರೆ. ಮನೆಯ ಹಂಡೆಯಲ್ಲಿ ಕೈ ತೊಳೆಯದ ಗೃಹಿಣಿಯರು ಕೆರೆಯಲ್ಲಿ ತಟ್ಟೆ ತೊಳೆಯುವುದೇಕೆ? ಇನ್ನೂ ದೊಡ್ಡ ಕೇಡು ಕಣ್ಣಿಗೆ ಕಾಣದ ಕಡೆಯಿದೆ: ಮೇಲಣ ಹಳ್ಳಿಗಳಲ್ಲಿ ರಾಜಕಾಲುವೆ ಒತ್ತುವರಿಯಾದರೆ, ನದಿಯ ಪಾತ್ರದಲ್ಲಿ ಮರಳು ತೆಗೆದರೆ, ಬಂದ ಮಳೆಯೂ ಇಲ್ಲಿಗೆ ತಲಪದು. ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗಿಳಿದಿರುವ ಈ ಜಿಲ್ಲೆಯಲ್ಲಿ ತುಂಬಿದ ಕೆರೆಯೆಂದರೆ ಬರಿಯ ನೋಟವಲ್ಲ. ದಂಡೆಯಲ್ಲಿ ಕಲ್ಲುಬೆಂಚು ಹಾಕಿಸುವುದಕ್ಕೆ ಮೊದಲು ಹೂಳೆತ್ತಿಸಬೇಕೆಂಬುದು ನಮ್ಮ ಅಭಿಪ್ರಾಯ.

2021ರ ನವೆಂಬರಿನ ಮಳೆಗೆ ಕೋಲಾರ ಜಿಲ್ಲೆಯ ಅನೇಕ ಕೆರೆಗಳು ಕೋಡಿಬಿದ್ದಾಗ ಜನರು ಬಾಗಿನ ಹಿಡಿದು ದಂಡೆಗಳಿಗೆ ಬಂದರು. ಅಂಥ ವರ್ಷ ಅಪರೂಪ. ಬರಗಾಲದಲ್ಲಿ ಹೋದವರು ಬಿರಿದ ಕೆರೆಯಂಗಳವನ್ನು ಕಂಡು ಬೇಸರದಿಂದ ಹಿಂದಿರುಗಬಾರದು. ತೂಬು ಎಷ್ಟು ಆಳದಲ್ಲಿದೆ, ನೀರು ಎಲ್ಲಿಯವರೆಗೆ ನಿಲ್ಲುತ್ತಿದ್ದಿತು ಎಂಬುದನ್ನು ಮಕ್ಕಳಿಗೆ ಆಗಲೇ ಚೆನ್ನಾಗಿ ತೋರಿಸಬಹುದು.