ಕರೆ ಬಂದ ದಿಕ್ಕು



ಒಂದು ಕ್ಷಣ ಕಣ್ಣು ಮುಚ್ಚಿ ಕುಳಿತು ನೋಡಿ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು, ಬೀದಿಯಲ್ಲಿ ತರಕಾರಿ ಮಾರುವವನ ಕೂಗು, ಬೆನ್ನ ಹಿಂದಿನ ಕೋಣೆಯಲ್ಲಿ ಮಗುವಿನ ಅಳು. ಯಾವ ಸದ್ದು ಎಲ್ಲಿಂದ ಬಂತೆಂದು ಯಾರೂ ನಿಮಗೆ ತಿಳಿಸಬೇಕಾಗಿಲ್ಲ. ಕಣ್ಣಿಗೆ ಎದುರಿಗಿರುವುದಷ್ಟೇ ಕಾಣುತ್ತದೆ. ಕಿವಿಗಾದರೋ ಸುತ್ತಲಿನ ಲೋಕವೆಲ್ಲ ಒಮ್ಮೆಲೇ ದೊರೆಯುತ್ತದೆ. ದಿನನಿತ್ಯ ಅನುಭವಿಸುವ ಈ ವರದ ಬಗ್ಗೆ ನಾವು ಯೋಚಿಸುವುದೇ ವಿರಳ. ನನ್ನನ್ನು ಯೋಚನೆಗೆ ಹಚ್ಚಿದ್ದು ಅಂಗೈಗಿಂತ ತುಸು ದೊಡ್ಡದಾದ ಒಂದು ಕಪ್ಪು ಪೆಟ್ಟಿಗೆ.

ನನ್ನ ಅಕ್ಕನ ಮಗ ಕಂಪ್ಯೂಟರ್ ಆಟಗಳ ಹವ್ಯಾಸಿ. ಕೆಲಸ ಸಿಕ್ಕಿ ಬೇರೆ ಊರಿಗೆ ಹೊರಟಾಗ, "ಮಾವ, ಹೊಸ ಯಂತ್ರದಲ್ಲಿ ಇದೆಲ್ಲ ಒಳಗೇ ಬರುತ್ತದೆ, ನನಗಿನ್ನು ಇದು ಬೇಡ. ನೀವು ರಾತ್ರಿ ಸಿನಿಮಾ ನೋಡುವಾಗ ಬಳಸಿ" ಎಂದು ತನ್ನ ಹೆಡ್‌ಫೋನನ್ನೂ ಅದರ ಜೊತೆಯ ಸರೌಂಡ್ ಸೌಂಡ್ ಪ್ರೊಸೆಸರ್ ಎಂಬ ಪೆಟ್ಟಿಗೆಯನ್ನೂ ನಮ್ಮ ಗುರುನಿವಾಸದಲ್ಲಿ ಬಿಟ್ಟುಹೋದ. ನನಗೆ ಅದು ತಕ್ಕ ಉಡುಗೊರೆಯೇ ಆಗಿತ್ತು. ಗೋಡೆಯಾಚೆಯ ಕೋಣೆಯಲ್ಲಿ ಎಂಬತ್ತು ದಾಟಿದ ನಿವೃತ್ತ ಸ್ವಾಮಿಗಳೊಬ್ಬರು ನನ್ನೊಡನೆ ವಾಸವಾಗಿದ್ದಾರೆ. ರಾತ್ರಿ ಒಂಬತ್ತಕ್ಕೆ ಮಲಗುವ ಅವರ ನಿದ್ದೆ ಬಹಳ ತೆಳು. ಸ್ಪೀಕರುಗಳನ್ನು ಸುತ್ತ ಜೋಡಿಸಿ ಮನೆಯನ್ನೇ ಚಿತ್ರಮಂದಿರವಾಗಿಸುವ ವೈಭವಕ್ಕೆ ನಮ್ಮಲ್ಲಿ ಸ್ಥಳವೂ ಇಲ್ಲ, ಸಂದರ್ಭವೂ ಇಲ್ಲ.

ಈ ಪೆಟ್ಟಿಗೆ ಮಾಡುವುದೇನು? ಹೋಮ್ ಥಿಯೇಟರಿನಲ್ಲಿ 5.1 ಎಂಬ ಮಾತನ್ನು ನೀವು ಕೇಳಿರಬಹುದು. ಎದುರಿಗೆ ಎಡ, ನಡು, ಬಲ ಎಂದು ಮೂರು; ಹಿಂಬದಿಯ ಇಕ್ಕೆಲಗಳಲ್ಲಿ ಎರಡು; ಹೀಗೆ ಐದು ಸ್ಪೀಕರುಗಳು. ಗುಡುಗು, ಸ್ಫೋಟಗಳಂಥ ಆಳವಾದ ಸದ್ದಿಗೆ ಮೀಸಲಾದ ಇನ್ನೊಂದು ವಾಹಿನಿಯೇ ಆ ದಶಾಂಶ ಒಂದು. ಡಿಸ್ಕ್ ಪ್ಲೇಯರಿನಿಂದಲೋ ಆಟದ ಯಂತ್ರದಿಂದಲೋ ಒಂದು ಆಪ್ಟಿಕಲ್ ಕೇಬಲ್ಲಿನ ಮೂಲಕ ಈ ಆರೂ ವಾಹಿನಿಗಳು ಪೆಟ್ಟಿಗೆಯನ್ನು ಸೇರುತ್ತವೆ. ಹೆಡ್‌ಫೋನಿಗಿರುವುದಾದರೋ ಎರಡೇ ಬಾಯಿ. ಆರನ್ನು ಎರಡಕ್ಕೆ ಇಳಿಸಿಯೂ ಕೇಳುವವನಿಗೆ ಐದು ದಿಕ್ಕುಗಳ ಅನುಭವವಾಗುವಂತೆ ಮಾಡುವುದೇ ಅದರ ಕಾಯಕ.

ಇದು ಸಾಧ್ಯವಾಗುವುದು ನಮ್ಮ ಕಿವಿಗಳ ಲೆಕ್ಕಾಚಾರವನ್ನು ಅನುಕರಿಸುವುದರಿಂದ. ಎಡಗಡೆಯಿಂದ ಬಂದ ಸದ್ದು ಎಡಗಿವಿಯನ್ನು ಮೊದಲು ಮುಟ್ಟಿ, ತಲೆಯನ್ನು ಬಳಸಿಕೊಂಡು ಬಲಗಿವಿಗೆ ತುಸು ತಡವಾಗಿ ತಲಪುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಆದ್ದರಿಂದ ಆ ವಿಳಂಬ ಅತಿ ಹೆಚ್ಚೆಂದರೂ ಸೆಕೆಂಡಿನ ಸಾವಿರದಲ್ಲೊಂದು ಭಾಗವನ್ನು ಮುಟ್ಟುವುದಿಲ್ಲ. ಅನುಕೂಲ ಸನ್ನಿವೇಶದಲ್ಲಿ ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ವ್ಯತ್ಯಾಸವನ್ನೂ ನಮ್ಮ ಶ್ರವಣೇಂದ್ರಿಯ ಗುರುತಿಸಬಲ್ಲದು! ಜೊತೆಗೆ, ತಲೆ ಅಡ್ಡ ಬರುವುದರಿಂದ ಕೀರಲು ಸದ್ದುಗಳು ಆಚೆಯ ಕಿವಿಗೆ ಮಂದವಾಗಿ ಕೇಳುತ್ತವೆ. ದೀಪದ ಮುಂದೆ ನಿಂತವನ ನೆರಳು ಗೋಡೆಗೆ ಬೀಳುವ ಹಾಗೆ. ಕಾಲದ ಅಂತರ ಮತ್ತು ಬಲದ ಅಂತರ ಎಂಬ ಈ ಎರಡು ಸುಳಿವುಗಳನ್ನು 1907ರಲ್ಲಿ ಸ್ಪಷ್ಟವಾಗಿ ನಿರೂಪಿಸಿದವರು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ.

ಹಾಗಾದರೆ ಮುಂದೆ ಯಾವುದು, ಹಿಂದೆ ಯಾವುದು, ಮೇಲೆ ಯಾವುದು? ಅದನ್ನು ಹೇಳಲು ಹೊರಗಿವಿಯ ಮಡಿಕೆಗಳು ನೆರವಾಗುತ್ತವೆ. ಬರುವ ಸದ್ದಿಗೆ ದಿಕ್ಕಿಗೊಂದು ಬಗೆಯ ಬಣ್ಣವನ್ನು ಅವು ಬಳಿಯುತ್ತವೆ. ಆ ಬಣ್ಣವನ್ನು ಓದಲು ಮಿದುಳು ಬಾಲ್ಯದಿಂದಲೇ ಕಲಿತಿರುತ್ತದೆ. ಪೆಟ್ಟಿಗೆಯೊಳಗಿನ ಗಣಿತವೂ ಇದನ್ನೇ ಮಾಡುತ್ತದೆ. ಪ್ರತಿಯೊಂದು ಕಾಲ್ಪನಿಕ ಸ್ಪೀಕರಿನ ಸದ್ದನ್ನೂ ಅದು ಎರಡು ಕಿವಿಗಳಿಗೂ ಬೇರೆ ಬೇರೆಯಾಗಿ ಸಿದ್ಧಗೊಳಿಸಿ, ಒಂದಕ್ಕೆ ತಕ್ಕಷ್ಟು ತಡ, ತಕ್ಕಷ್ಟು ಮಂದ, ತಕ್ಕ ಬಣ್ಣವನ್ನು ಸೇರಿಸಿ, ಕೋಣೆಯ ಗೋಡೆಗಳಿಂದ ಮರಳುವ ಮಾರ್ದನಿಯನ್ನೂ ಬೆರೆಸಿ ಕಳುಹಿಸುತ್ತದೆ. ಸಾಮಾನ್ಯ ಹೆಡ್‌ಫೋನಿನಲ್ಲಿ ಹಾಡು ತಲೆಯೊಳಗೇ ನಡೆಯುತ್ತಿರುವಂತೆ ಭಾಸವಾಗುತ್ತದಲ್ಲವೇ? ಇಲ್ಲಿ ಅದು ತಲೆಯಿಂದ ಹೊರಬಂದು ಕೋಣೆಯಲ್ಲಿ ನೆಲೆಗೊಳ್ಳುತ್ತದೆ.

ದಿಕ್ಕುಗಳಿಂದ ಆನಂದಪಡಿಸುವ ಹಂಬಲ ಇಂದಿನದಲ್ಲ. 16ನೆಯ ಶತಮಾನದ ಕೊನೆಯಲ್ಲಿ ವೆನಿಸ್ ನಗರದ ಸಂತ ಮಾರ್ಕರ ದೇವಾಲಯದಲ್ಲಿ ಆರ್ಗನ್ ವಾದಕನಾಗಿದ್ದ ಜೊವಾನ್ನಿ ಗಾಬ್ರಿಯೇಲಿ, ಒಂದು ಗಾಯನವೃಂದಕ್ಕೆ ಇನ್ನೊಂದು ವೃಂದ ಉತ್ತರ ಕೊಡುವಂಥ ಸಂಗೀತವನ್ನು ರಚಿಸಿದ. 1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಆದೇರ್ ಎಂಬಾತ ಒಪೆರಾ ರಂಗಮಂದಿರದ ವೇದಿಕೆಯಿಂದ ದೂರವಾಣಿ ತಂತಿಗಳನ್ನು ಎಳೆದು, ಕೇಳುಗರ ಒಂದೊಂದು ಕಿವಿಗೂ ಒಂದೊಂದು ಗ್ರಾಹಕವನ್ನು ಒದಗಿಸಿದ; ಗಾಯಕರು ರಂಗದ ಮೇಲೆ ಆಚೀಚೆ ನಡೆದಾಡುವುದು ದೂರದಲ್ಲಿ ಕುಳಿತ ಜನರಿಗೆ ತಿಳಿಯಿತು. ಹೆಡ್‌ಫೋನಿನ ಸರೌಂಡನ್ನು ಮನೆಮಾತಾಗಿಸಿದ ‘ಡಾಲ್ಬಿ ಹೆಡ್‌ಫೋನ್’ ತಂತ್ರ ಮೂಲತಃ ಆಸ್ಟ್ರೇಲಿಯಾದ ಸಿಡ್ನಿಯಲ್ಲಿದ್ದ ಲೇಕ್ ಟೆಕ್ನಾಲಜಿ ಎಂಬ ಸಂಸ್ಥೆಯ ಕೂಸು. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರಲ್ಲಿ ಈ ಲೆಕ್ಕಾಚಾರ ಯಂತ್ರದೊಳಗೇ ಅಡಗಿದೆ. ನನ್ನ ಸೋದರಳಿಯ ಪೆಟ್ಟಿಗೆಯನ್ನು ಬಿಟ್ಟುಹೋದದ್ದು ಇದೇ ಕಾರಣಕ್ಕೆ.

ಆದರೆ ಒಂದು ತೊಡಕಿದೆ. ಒಬ್ಬರ ಕಿವಿಯ ಮಡಿಕೆ ಇನ್ನೊಬ್ಬರದರಂತಿಲ್ಲ. ಪೆಟ್ಟಿಗೆಯಲ್ಲಿರುವುದು ಯಾವುದೋ ಸರಾಸರಿ ಕಿವಿಯ ಅಳತೆ. ನಮ್ಮ ಯುವಕ ಸಂಘದ ಮೂವರಿಗೆ ಒಂದೇ ದೃಶ್ಯವನ್ನು ಕೇಳಿಸಿದೆ. ಎದುರಿನ ಪಾತ್ರದ ಮಾತು ಎದುರಿನಿಂದಲೇ ಬಂತೆಂದು ಒಬ್ಬ ಹೇಳಿದ. ನೆತ್ತಿಯ ಮೇಲಿನಿಂದ ಬಂತೆಂದ ಇನ್ನೊಬ್ಬ. ಮೂರನೆಯವನು ಬೆನ್ನ ಹಿಂದೆ ಯಾರೋ ಮಾತನಾಡಿದಂತಾಯಿತೆಂದು ನಕ್ಕ. ಸ್ಮಿತ್ ರಿಯಲೈಸರ್ ಎಂಬ ದುಬಾರಿ ಉಪಕರಣವೊಂದು ಕೇಳುಗನ ಕಿವಿಗಳೊಳಗೆ ಪುಟ್ಟ ಮೈಕ್ರೊಫೋನ್‌ಗಳನ್ನಿರಿಸಿ ಅವನದೇ ಅಳತೆಯನ್ನು ತೆಗೆದುಕೊಳ್ಳುತ್ತದೆ. ಅವನು ತಲೆ ತಿರುಗಿಸಿದ್ದನ್ನೂ ಗಮನಿಸುತ್ತದೆ. ನಮ್ಮಂಥವರ ಪೆಟ್ಟಿಗೆಗೆ ಆ ಸೌಕರ್ಯವಿಲ್ಲ. ಅದನ್ನು ಧರಿಸಿ ನೀವು ಬಲಕ್ಕೆ ತಿರುಗಿದರೆ ಇಡೀ ಚಿತ್ರಮಂದಿರವೇ ನಿಮ್ಮೊಡನೆ ಬಲಕ್ಕೆ ತಿರುಗುತ್ತದೆ. ನಿಜಲೋಕದಲ್ಲಿ ಹಾಗಲ್ಲ. ನಾವು ತಿರುಗಿದರೂ ಕರೆದವರು ಕರೆದಲ್ಲಿಯೇ ಇರುತ್ತಾರೆ. ಆದ್ದರಿಂದಲೇ ಸಂದೇಹ ಬಂದಾಗ ನಾವು ಕತ್ತು ಹೊರಳಿಸಿ, ಸದ್ದು ಮುಂದಿನದೋ ಹಿಂದಿನದೋ ಎಂಬುದನ್ನು ಖಚಿತಪಡಿಸಿಕೊಳ್ಳುತ್ತೇವೆ.

ಒಂದು ಸಂಜೆ ಹಿರಿಯ ಸ್ವಾಮಿಗಳು ಕುತೂಹಲದಿಂದ, "ಏನಪ್ಪಾ, ಆ ಪೆಟ್ಟಿಗೆಯ ಮಹಿಮೆಯನ್ನು ನನಗೂ ತೋರಿಸು" ಎಂದರು. ಕಾಡಿನಲ್ಲಿ ಮಳೆ ಸುರಿಯುವ ದೃಶ್ಯವನ್ನು ಹಾಕಿದೆ. ನನಗೆ ಅದು ನಾಲ್ಕೂ ಕಡೆಯಿಂದ ಆವರಿಸಿಕೊಳ್ಳುವ ಮಳೆ. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಬಳಿಕ ಹೆಡ್‌ಫೋನನ್ನು ಮೆಲ್ಲನೆ ತೆಗೆದು, "ಮಳೆಯೇನೋ ಚೆನ್ನಾಗಿ ಹುಯ್ಯುತ್ತಿದೆಯಪ್ಪಾ. ಆದರೆ ನನ್ನ ಪಾಲಿಗೆ ಅದು ಬಲಗಡೆಯ ಮಾಡಿನ ಮೇಲೆ ಮಾತ್ರ" ಎಂದರು.

ಕಾಯಿಲೆಯೊಂದರಲ್ಲಿ ಅವರ ಎಡಗಿವಿ ಪೂರ್ತಿಯಾಗಿ ಕೆಟ್ಟು ಹಲವು ವರ್ಷಗಳಾಗಿವೆ. ಅದು ನಮ್ಮ ಧರ್ಮಕೇಂದ್ರದ ಎಲ್ಲರಿಗೂ ಗೊತ್ತು. ಯಾರೇ ಕರೆದರೂ ಅವರು ಬಲಕ್ಕೇ ತಿರುಗುತ್ತಾರೆಂಬುದೂ ಗೊತ್ತು. ಮಕ್ಕಳಿಗೆ ಅದೊಂದು ತಮಾಷೆ, ಅವರಿಗೂ ಅದೊಂದು ತಮಾಷೆಯೇ. ಕಾಲದ ಅಂತರವನ್ನು ಅಳೆಯಲು ಎರಡು ಕಿವಿ ಬೇಕು. ಬಲದ ಅಂತರವನ್ನು ತೂಗಲೂ ಎರಡು ಕಿವಿ ಬೇಕು. ತಕ್ಕಡಿಯ ಒಂದು ತಟ್ಟೆ ಕಳಚಿದ ಮೇಲೆ ತೂಕವೆಲ್ಲಿ? ನಾನೂ ಒಂದು ಕಿವಿಯ ಮುಚ್ಚಳವನ್ನು ಸರಿಸಿ ಅದೇ ದೃಶ್ಯವನ್ನು ಕೇಳಿದೆ. ಕಾಡು ಕ್ಷಣಾರ್ಧದಲ್ಲಿ ಕುಸಿದು, ಒಂದು ಡಬ್ಬಿಯೊಳಗಿನ ಸದ್ದಾಯಿತು. ಜನ ತುಂಬಿದ ಮದುವೆಮನೆಗಳಲ್ಲಿ ಅವರು ಏಕೆ ಮೂಲೆ ಹಿಡಿದು ಕೂರುತ್ತಾರೆ, ರಸ್ತೆ ದಾಟುವಾಗ ಏಕೆ ಅಷ್ಟು ಹೊತ್ತು ನಿಲ್ಲುತ್ತಾರೆ, ಸಭೆಯಲ್ಲಿ ಹಲವರು ಒಟ್ಟಿಗೆ ಮಾತನಾಡಿದಾಗ ಏಕೆ ಮೌನವಾಗುತ್ತಾರೆ ಎಂಬುದು ಆಗ ತಿಳಿಯಿತು. ಅನೇಕ ಸದ್ದುಗಳ ನಡುವೆ ಬೇಕಾದ ಒಂದು ದನಿಯನ್ನು ಆರಿಸಿಕೊಳ್ಳಲೂ ನಮಗೆ ಎರಡು ಕಿವಿಗಳ ಸಾಕ್ಷ್ಯ ಬೇಕು.

ಅವರಿಗಾಗಿ ಆ ಸಂಜೆ ಮಾಡಿದ್ದು ಸಣ್ಣ ಕೆಲಸ. ಸರೌಂಡನ್ನು ಆರಿಸಿ, ಎಲ್ಲ ವಾಹಿನಿಗಳೂ ಒಂದಾಗಿ ಎರಡೂ ಕಡೆ ಒಂದೇ ಬಗೆಯಾಗಿ ಕೇಳುವ ಮೋನೊ ವ್ಯವಸ್ಥೆಗೆ ಬದಲಿಸಿದೆ. ಈಗಿನ ಮೊಬೈಲುಗಳಲ್ಲಿಯೂ ಕಂಪ್ಯೂಟರುಗಳಲ್ಲಿಯೂ ಈ ಆಯ್ಕೆ ಇರುತ್ತದೆ. ನಿಮ್ಮ ಮನೆಯಲ್ಲಿ ಒಂದು ಕಿವಿ ಕೇಳಿಸದವರಿದ್ದರೆ ಹುಡುಕಿ ನೋಡಿ. ಎಡಬದಿಯ ಪಾತ್ರಗಳ ಮಂದವಾಗಿದ್ದ ಮಾತು ಅವರಿಗೆ ತಿಳಿಯಾಗಿ ಕೇಳಿತು. ದಿಕ್ಕು ಹೋಯಿತು, ಮಾತು ಉಳಿಯಿತು. ಅವರು ಚಿತ್ರವನ್ನು ಕೊನೆಯವರೆಗೂ ನೋಡಿ, ಆ ರಾತ್ರಿ ಹತ್ತೂವರೆಗೆ ಮಲಗಿದರು.

ಬಂಧುಗಳೇ, ಕುಟುಂಬ ಸಂದರ್ಶನಕ್ಕೆ ಹೋದಾಗ ಇಂಥ ಉಪಕರಣಗಳು ನನ್ನ ಕಣ್ಣಿಗೆ ಬೀಳುತ್ತಿರುತ್ತವೆ. ಅವನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಎರಡೇ ಕೋಣೆಗಳ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ತಂದೆ ಹಗಲು ಮಲಗಿದ್ದಾಗ, ಮಗ ಹೆಡ್‌ಫೋನ್ ಧರಿಸಿ ಆಡುವುದು ತಂದೆಗೆ ತೋರುವ ಗೌರವವೇ. ಪರೀಕ್ಷೆಗೆ ಓದುವ ತಂಗಿಗೆ ಅದು ಅಣ್ಣನ ಉಪಕಾರವೇ. ನನ್ನ ಸೋದರಳಿಯ ಹೇಳುವಂತೆ ಆಟದಲ್ಲಿ ವೈರಿಯ ಹೆಜ್ಜೆ ಹಿಂದಿನಿಂದ ಬಂತೋ ಪಕ್ಕದ ಮೆಟ್ಟಿಲಿನಿಂದ ಬಂತೋ ಎಂಬುದನ್ನು ತಿಳಿಯುವುದರಲ್ಲಿಯೇ ಗೆಲುವಿದೆ. ಅಷ್ಟು ಸೂಕ್ಷ್ಮವಾಗಿ ಆಲಿಸುವುದೂ ಒಂದು ಕಲಿಕೆಯೇ ಸರಿ. ಆದರೆ ತೆರೆಯ ಮೇಲಿನ ವೈರಿಯ ಹೆಜ್ಜೆಯನ್ನು ಗುರುತಿಸುವ ಆ ಹುಡುಗನಿಗೆ, ಅಡುಗೆಮನೆಯಿಂದ ಮೂರು ಸಲ ಕರೆದ ತಾಯಿಯ ದನಿ ಮುಟ್ಟುವುದಿಲ್ಲ. ತಪ್ಪು ಅವನ ಮನಸ್ಸಿನದಲ್ಲ. ಕಿವಿಯ ಬಾಗಿಲು ಮುಚ್ಚಿದೆ, ಅಷ್ಟೇ. ನಾನು ಬಲ್ಲ ಒಂದು ಮನೆಯಲ್ಲಿ ಇದಕ್ಕೊಂದು ಒಪ್ಪಂದವಿದೆ. ತಾಯಿ ಕೂಗುವುದಿಲ್ಲ, ಬಂದು ಕೋಣೆಯ ದೀಪವನ್ನು ಒಮ್ಮೆ ಆರಿಸಿ ಹಚ್ಚುತ್ತಾಳೆ. ಮಗ ಆಟವನ್ನು ನಿಲ್ಲಿಸಿ ಏಳುತ್ತಾನೆ. ಆ ಮನೆಯಲ್ಲಿ ಈ ವಿಷಯಕ್ಕೆ ಜಗಳವಾದದ್ದನ್ನು ನಾನು ಕೇಳಿಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಆಟದ ಗುಂಡಿನ ಸದ್ದು, ಸಿನಿಮಾದ ಸ್ಫೋಟ ಕಿವಿಗೆ ಅತಿ ಹತ್ತಿರದಲ್ಲಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ದೊಡ್ಡವರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್, ಮಕ್ಕಳಿಗೆ ಅಷ್ಟೇ ಹೊತ್ತು 75 ಡೆಸಿಬೆಲ್ ಸುರಕ್ಷತೆಯ ಮಿತಿ. ಮೂರು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ. ಸುರಕ್ಷಿತ ಕಾಲ ಅರ್ಧಕ್ಕಿಳಿಯುತ್ತದೆ. ಅಂದರೆ ದೊಡ್ಡವರಿಗೆ 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಅತಿಯಾದ ಸದ್ದಿನಿಂದ ಸತ್ತ ಒಳಗಿವಿಯ ಸೂಕ್ಷ್ಮ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಪಕ್ಕದಲ್ಲಿ ಕುಳಿತವರು ಸಹಜ ದನಿಯಲ್ಲಿ ಆಡಿದ ಮಾತು ಸ್ವಲ್ಪವಾದರೂ ಕೇಳಿಸುವಷ್ಟು ಸದ್ದನ್ನು ತಗ್ಗಿಸಿಕೊಳ್ಳುವುದು ಮನೆಯವರಿಗೂ ಹಿತ, ಕಿವಿಗೂ ಹಿತ.

ತಾನು ತಿರುಗಿದ ಕಡೆಗೇ ತಿರುಗುವ ಲೋಕ ಒಂದೆರಡು ಗಂಟೆಯ ವಿನೋದಕ್ಕೆ ಸೊಗಸು. ಬದುಕಿನಲ್ಲಿ ನಮ್ಮ ನೆರೆಯವರು ನಮ್ಮೊಡನೆ ತಿರುಗುವುದಿಲ್ಲ. ಅವರು ತಾವಿದ್ದಲ್ಲಿಂದಲೇ ಕರೆಯುತ್ತಾರೆ. ಕತ್ತು ಹೊರಳಿಸಬೇಕಾದವರು ನಾವು. ಹೊರಳಿಸಿದರೂ ದಿಕ್ಕು ತಿಳಿಯದವರು ನಮ್ಮ ನಡುವೆ ಇದ್ದಾರೆ. ಅಜ್ಜ ಅಜ್ಜಿಯರಲ್ಲಿ ಯಾರಿಗೆ ಯಾವ ಕಿವಿ ಚುರುಕು ಎಂಬುದನ್ನು ಮನೆಯ ಮಕ್ಕಳಿಗೆ ತಿಳಿಸಿಕೊಡಿ. ಹಿಂದಿನಿಂದ ಕೂಗದೆ, ಅವರ ಮುಖ ಕಾಣುವಂತೆ ಎದುರಿಗೆ ಬಂದು ಮಾತನಾಡಲು ಹೇಳಿ.

ನಮ್ಮ ಊಟದ ಕೋಣೆಯಲ್ಲಿ ಹಿರಿಯ ಸ್ವಾಮಿಗಳ ಕುರ್ಚಿಯನ್ನು ಈಗ ಎಡಬದಿಯ ಗೋಡೆಗೆ ಆನಿಸಿ ಹಾಕಿದ್ದೇವೆ. ಬಂದವರೆಲ್ಲ ಅವರ ಬಲಕ್ಕೇ ಕುಳಿತುಕೊಳ್ಳಬೇಕಾಗುತ್ತದೆ. ಅವರ ಹಳೆಯ ಹಾಸ್ಯಗಳೆಲ್ಲ ಮೇಜಿಗೆ ಮರಳಿವೆ.